ಟಾರ್ಚ್ ಹಿಡಿದವರು

೧೩ ಜೂನ್

ಮುದ್ದು ಗುಬ್ಬಿ,

‘ಒಂದೇ ದೀಪದಡಿ ಕೂತವರ ನೆರಳು ಬೇರೆಯಲ್ಲ’ ಎಂದೋ ಏನೋ ಒಂದು ಸಾಲು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಪೂರ್ತಿ ನೆನಪಾಗುತ್ತಿಲ್ಲ. ನೆನಪಾದಷ್ಟಾದರೂ ನಿಜವೇ?

ನೀನು ಕಳಿಸಿದ ಪೆನ್ ಡ್ರೈವ್ ತಲುಪಿ ತಿಂಗಳಾಯಿತು, ಈಗ ಬರೆಯುತ್ತಿದ್ದೇನೆ. ಬೈಯಬೇಡ. ನೆಟ್ ಸರಿಹೋದೀತೆಂದು ನನ್ನ ಲ್ಯಾಪ್‌ಟಾಪಿಗೆ ವಿಂಡೋಸಿನ ಜೊತೆಗೇ ಲಿನಕ್ಸ್ ಹಾಕಿದೆ. ಸಾಹಿತ್ಯ ಓದಿದವಳ ಕೈಲಿ ಇದೆಲ್ಲ ಆಗುತ್ತದೆಯೇ ಎಂದು ನಿನ್ನ ಭಾವ ನಕ್ಕರು. ಆದರೂ ಪಕ್ಕದಲ್ಲೇ ಕೂತರು. ಮೂಲೆಯ ಕೋಣೆಯಲ್ಲಿ ಬೆಳಕು ಸಾಲದು, ಕೀಬೋರ್ಡಿನ ಅಕ್ಷರಗಳು ಅರ್ಧ ಅಳಿಸಿಹೋಗಿವೆ. ಅವರು ಟಾರ್ಚ್ ಹಿಡಿದರು, ನಾನು ಒತ್ತಿದೆ.

ಮುಗಿಸಿ ಮತ್ತೆ ಆನ್ ಮಾಡಿದರೆ, ಏನೂ ನಡೆದೇ ಇಲ್ಲವೆಂಬಂತೆ ಹಳೆಯ ವಿಂಡೋಸೇ ಬಂದು ಕೂತಿತು. ನೀನು ಬರೆದಿದ್ದಂತೆ ಬಯೋಸ್ ಎಂಬ ಒಳಗಿನ ಸೆಟ್ಟಿಂಗಿಗೆ ಹೋಗಿ, ಯಾವುದು ಮೊದಲು ಏಳಬೇಕು ಎಂಬಲ್ಲಿ ಲಿನಕ್ಸನ್ನು ಮೇಲಕ್ಕೆ ತಂದೆ. ಎದ್ದಿತು. ನನ್ನ ಪ್ರಬಂಧವೂ ಕ್ಷೇಮ. ಭೇಷ್ ಅಂದರು ನಿನ್ನ ಭಾವ.

ನೆಟ್ ಮಾತ್ರ ಬರಲಿಲ್ಲ. ವಿಂಡೋಸಿನಲ್ಲಿದ್ದ ರೋಗವೇ ಇಲ್ಲೂ: ವೈಫೈ ಸೇರಿಕೊಳ್ಳುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಅವರ ಫೋನಿಗೇನೂ ತೊಂದರೆಯಿಲ್ಲ. “ಒಳಗಿನ ವೈಫೈ ಕಾರ್ಡ್ ಹೋಗಿರಬೇಕು ಕಣೆ. ಹಳೇ ಮೆಷಿನ್ ಅಲ್ವಾ, ಬಿಡು,” ಎಂದು ಬೆನ್ನು ತಟ್ಟಿದರು.

ಬಿಡುವುದು ಹೇಗೆ? ಮರುದಿನವೇ ಪ್ರಬಂಧದ ಮೌಖಿಕ ಪರೀಕ್ಷೆ, ವಿಡಿಯೋದಲ್ಲಿ. ಒಮ್ಮೆ ಮುಂದೂಡಿ ಆಗಿತ್ತು, ಇದೇ ಕೊನೆ ಎಂದಿದ್ದರು ಗೈಡ್ ಮೇಡಂ. ನಿನ್ನ ಭಾವ ಕೆಲಸಕ್ಕೆ ಹೋಗಿದ್ದರು, ನನ್ನದು ಬಟನ್ ಫೋನ್. ಪಕ್ಕದ ಮನೆಯ ಟೈಲರಮ್ಮನ ವೈಫೈ ಕೇಳಲು ಹೋದರೆ ಅದೂ ಕೆಟ್ಟಿದೆ ಎಂದರು. ಲ್ಯಾಪ್‌ಟಾಪ್ ಎದೆಗವಚಿಕೊಂಡು ಸೈಬರ್ ಅಂಗಡಿಗೆ ಓಡಿದೆ. ತಲುಪುವಷ್ಟರಲ್ಲಿ ಸಮಯ ಮುಗಿದಿತ್ತು. ನನ್ನ ನೋಂದಣಿ ರದ್ದಾಯಿತು ಗುಬ್ಬಿ. ಇಷ್ಟು ವರ್ಷದ ಓದು.

ಆಮೇಲೆ ಹಠಕ್ಕೆ ಬಿದ್ದು ನೀನು ಕೊನೆಗೆ ಬರೆದಿದ್ದನ್ನೂ ಮಾಡಿದೆ. ಮೋಡೆಮ್ಮಿನ ಬೆನ್ನಿಗೆ ಅಂಟಿಸಿದ್ದ ಪಾಸ್‌ವರ್ಡ್ ಹಾಕಿ ಅದರ ಸೆಟ್ಟಿಂಗ್ ತೆರೆದೆ. ನನ್ನ ಲ್ಯಾಪ್‌ಟಾಪಿಗೆ ಮಾತ್ರ ತಡೆ ಹಾಕಿತ್ತು. ಮೋಡೆಮ್ ಗುರುತು ಹಿಡಿಯುವುದು ಲ್ಯಾಪ್‌ಟಾಪಿನ ವೈಫೈ ಕಾರ್ಡನ್ನೇ ಅಂತೆ. ಒಳಗೆ ಯಾವ ಸಿಸ್ಟಮ್ ಹಾಕಿದರೇನು? ತಡೆ ತೆಗೆದೆ, ನೆಟ್ ಬಂತು. ನಿನ್ನ ಭಾವನಿಗೆ ತೋರಿಸಿದರೆ, ಮೋಡೆಮ್ ಒಮ್ಮೊಮ್ಮೆ ತಾನಾಗಿಯೇ ಹಾಗೆ ಮಾಡುತ್ತದೆ ಎಂದರು, ಪೇಪರಿನಿಂದ ಕಣ್ಣೆತ್ತದೆ. ಇರಬಹುದು. ನಂಬಿದ್ದೇನೆ. ನಂಬಲು ನೋಡುತ್ತಿದ್ದೇನೆ ಎಂದರೆ ಸರಿಯಾದೀತು.

ಮಗುವಿನ ಕೆಮ್ಮು ಕಡಿಮೆಯಾಯಿತೇ? ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಅಂಚೆಗೆ ಹಾಕಲು ಹೊರಟವಳು ವಾಪಸು ಬಂದು ಇದನ್ನು ಬರೆಯುತ್ತಿದ್ದೇನೆ. ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಿಮ್ಮ ನೆಟ್ ಸರಿಹೋಯಿತೇ ಎಂದು ಕೇಳಿದೆ. “ನಮ್ದು ಕೆಟ್ಟೇ ಇರ್ಲಿಲ್ಲಮ್ಮ,” ಎಂದರು. “ಆವತ್ತು ಬೆಳಿಗ್ಗೆ ನಿಮ್ಮೆಜಮಾನ್ರೇ ಬಂದು, ಅವಳು ಕೇಳೋಕೆ ಬರ್ತಾಳೆ, ಕೆಟ್ಟಿದೆ ಅಂದ್ಬಿಡಿ ಅಂದ್ರು. ಓದಿ ಓದಿ ನಿಮಗೆ ತಲೆನೋವು ಜಾಸ್ತಿ ಆಗಿದೆಯಂತೆ. ನಿಮ್ಮ ಮೇಲೆ ಎಷ್ಟು ಕಾಳಜಿ ನೋಡಿ ಅವರಿಗೆ.”