ಇಸ್ತ್ರಿಕೋಣೆಯ ಅರ್ಧ ಪ್ರಾರ್ಥನೆ

ಪ್ರೀತಿಯ ವಾರ್ಡನಮ್ಮ ದೋನ್ಯಾ ಒಬ್ದುಲಿಯಾ ಅವರಿಗೆ,

ಗ್ವಾದಲಹಾರದ ಆಸ್ಪತ್ರೆಯಿಂದ ನಿಮ್ಮ ಯೆಸೆನಿಯಾ ಬರೆಯುತ್ತಿದ್ದೇನೆ. ಜ್ವರ ಇಳಿದಿದೆ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನ ಸಾಲು ಓದದೆ ನೀವು ಬಸ್ಸು ಹತ್ತಿಬಿಡುತ್ತೀರಿ.

ಚಿಕ್ಕಂದಿನಿಂದ ಹಾಸ್ಟೆಲುಗಳಲ್ಲೇ ಬೆಳೆದ ನನಗೆ ವಾರ್ಡನ್ ಅಂದರೆ ಒಂದು ಬೀಗದ ಕೈಗೊಂಚಲು, ಅಷ್ಟೆ. ಕಾಲೇಜಿನ ಮೊದಲ ವರ್ಷದಲ್ಲೇ ಎರಡೂ ಕಿಡ್ನಿಗಳು ಕೈಕೊಟ್ಟಾಗ, ‘ಪೆಟ್ಟಿಗೆ ಕಟ್ಟು’ ಅನ್ನುತ್ತೀರೆಂದು ಕಾದು ಕುಳಿತಿದ್ದೆ. ನೀವು ನನ್ನ ಡಯಾಲಿಸಿಸ್‌ಗೆಂದು ಹಾಸ್ಟೆಲಿನ ಇಸ್ತ್ರಿಕೋಣೆ ಖಾಲಿ ಮಾಡಿಸಿದಿರಿ. ಗೋಡೆಗೆ ಬಣ್ಣ ಬಳಿಸಿ, ಕಿಟಕಿಯ ಸಂದುಗಳನ್ನು ಮುಚ್ಚಿಸಿ, ಮೂಲೆಯಲ್ಲಿ ಮಾತೆ ಮರಿಯಳ ಪಟವನ್ನೂ ಗುಲಾಬಿ ತುಂಬಿದ ಹೂದಾನಿಯನ್ನೂ ಇಟ್ಟಿರಿ. ಕೋಣೆ ನೋಡಲು ಬಂದ ನರ್ಸ್ ಹಣೆ ಚಚ್ಚಿಕೊಂಡಳು. “ನಿಂತ ನೀರಲ್ಲಿ ರೋಗಾಣು ಇರ್ತವೆ ತಾಯೀ! ಹೂವೂ ಬೇಡ, ಪಟಾನೂ ಬೇಡ.” ನೀವು ಸೋಲುತ್ತೀರಾ? “ಆಯ್ತು, ಮಾತೆ ಬಾಗಿಲ ಹೊರಗೇ ನಿಲ್ಲಲಿ. ಈ ಹುಡುಗೀರು ನುಗ್ಗದ ಹಾಗೆ ಕಾಯೋಕೂ ಒಬ್ಬರು ಬೇಕಲ್ಲ.”

ಡಯಾಲಿಸಿಸ್ ಬಗ್ಗೆ ಡಾಕ್ಟರು ಚಿತ್ರ ಬರೆದೇ ಹೇಳಿದ್ದರು. ಟೆನ್ಷನ್ನಿನಲ್ಲಿ ನನ್ನ ತಲೆಗೆ ಏನೂ ಇಳಿದಿರಲಿಲ್ಲ. ಇಳಿದದ್ದು ನಿಮ್ಮ ಮಾತು. “ಕೊಳೆ ಬಟ್ಟೆ ನೆನೆಹಾಕಲ್ವೇನೆ? ಹಂಗೇ. ನಿನ್ನ ಕಿಡ್ನಿ ರಕ್ತ ತೊಳೆಯೋದು ಬಿಟ್ಟಿದೆ. ಹೊಟ್ಟೆಗೆ ಕೂರಿಸಿದಾರಲ್ಲ, ಈ ನಳಿಕೆಯಿಂದ ಒಳಗೆ ಔಷಧದ ನೀರು ಬಿಡೋದು, ನಾಲ್ಕೈದು ಗಂಟೆ ನೆನೆಯೋಕೆ ಬಿಡೋದು, ಕೊಳೆಯೆಲ್ಲ ಅದಕ್ಕೆ ಇಳಿದ ಮೇಲೆ ಚೀಲಕ್ಕೆ ಬಸಿಯೋದು. ಆಮೇಲೆ ಹೊಸ ನೀರು.” ಎಲ್ಲಿಯವರೆಗೆ ಎಂದು ಕೇಳಿದೆ. “ಇನ್ನೊಬ್ಬರ ಕಿಡ್ನಿ ಸಿಗೋವರೆಗೆ. ಬಟ್ಟೆ ಒಗೆಯೋದು ಯಾವತ್ತಾದ್ರೂ ಮುಗಿದಿದ್ದುಂಟೇನೆ?” ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದ ರೋಸೆಲಿಯಾ ಅಲ್ಲಿಂದಲೇ ಕೂಗಿದಳು, “ಹೊಟ್ಟೇಲೇ ವಾಷಿಂಗ್ ಮಷೀನು! ನನ್ನ ಸಾಕ್ಸೂ ಹಾಕ್ಕೊಳ್ಳೇ!” ಕಾಯಿಲೆ ಗೊತ್ತಾದ ಮೇಲೆ ನಾನು ನಕ್ಕದ್ದು ಅಂದೇ ಮೊದಲು.

ಬಸಿದ ಚೀಲದ ಹಿಂದೆ ಅಚ್ಚಾದ ಹಾಳೆ ಹಿಡಿದರೆ ಅಕ್ಷರ ಕಾಣಬೇಕು. ಕಾಣದಷ್ಟು ನೀರು ಮಬ್ಬಾಗಿದ್ದರೆ ಹೊಟ್ಟೆಯೊಳಗೆ ಸೋಂಕು. ನನಗೋ ಪ್ರತಿ ಚೀಲವೂ ಮಬ್ಬಾಗಿಯೇ ಕಾಣುತ್ತಿತ್ತು. ಅದಕ್ಕೇ ನೀವು ಮೊಣಕೈವರೆಗೆ ಕೈ ತೊಳೆದು, ಮುಖಕ್ಕೆ ಮಾಸ್ಕ್ ಕಟ್ಟಿ ಬಂದು, ಚೀಲದ ಹಿಂದೆ ನಿಮ್ಮ ಪ್ರಾರ್ಥನೆಯ ಪುಸ್ತಕ ಹಿಡಿದು ದಿನಾ ಬೆಳಿಗ್ಗೆ ಗಟ್ಟಿಯಾಗಿ ಓದುತ್ತಿದ್ದಿರಿ. “ಎಲ್ಲಾ ಕಾಣುತ್ತೆ. ಹೋಗು, ತಿಂಡಿ ತಿನ್ನು. ಟೊಮೆಟೊ ಚಟ್ನಿ ನಿನ್ನ ಕಿಡ್ನಿಗೆ ಆಗಲ್ಲ, ಮುಟ್ಟಿದ್ಯೋ, ನೋಡು ಮತ್ತೆ!”

ಕಳೆದ ಗುರುವಾರ ನೀವು ಮೊದಲ ಸಾಲಿಗೇ ನಿಂತುಬಿಟ್ಟಿರಿ. ಅಂದು ನನಗೆ ಫೈನಲ್ ಪರೀಕ್ಷೆ. “ಮುಂದೆ ಓದಿ ದೋನ್ಯಾ, ಪ್ಲೀಸ್” ಎಂದು ಗೋಗರೆದೆ. ಜೀವಮಾನವೆಲ್ಲ ಹೇಳಿದ ಪ್ರಾರ್ಥನೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೀರಿ. ಹಾಗೆ ಒಪ್ಪಿಸಿದ್ದರೆ ನಾನು ನಂಬಿ ಪರೀಕ್ಷೆಗೆ ಓಡುತ್ತಿದ್ದೆ. ನೀವು ಪುಸ್ತಕ ಮುಚ್ಚಿದಿರಿ. “ಕಾಣ್ತಿಲ್ಲ ಮಗಳೇ. ನಡಿ ಆಸ್ಪತ್ರೆಗೆ.” ಇನ್ನೊಂದು ದಿನ ತಡವಾಗಿದ್ದರೆ ನಳಿಕೆಯನ್ನೇ ಕೀಳಬೇಕಾಗುತ್ತಿತ್ತಂತೆ, ಜೀವಕ್ಕೂ ಅಪಾಯವಿತ್ತಂತೆ. ನನಗಾಗಿ ನೀವು ಹೇಳಿದ ಪ್ರಾರ್ಥನೆಗಳು ಎಷ್ಟೋ. ನನ್ನನ್ನು ಉಳಿಸಿದ್ದು ನೀವು ಹೇಳದೆ ಬಿಟ್ಟದ್ದು.

ನಿನ್ನೆ ಊರಿಂದ ಅಪ್ಪ ಬಂದಿದ್ದರು. “ಓದಿದ್ದು ಸಾಕು, ಮನೆಗೆ ನಡಿ” ಅಂದರು. ನಾನು ಹೆದರಿದ್ದೇ ಈ ಮಾತಿಗೆ. ಗುರುವಾರದ್ದೆಲ್ಲ ಹೇಳಿದೆ. “ಆಯಮ್ಮ ನಮಗೇನಾಗಬೇಕು?” ಎಂದು ಕೇಳಿದರು. “ಏನೂ ಆಗಬೇಕಿಲ್ಲ ಅಪ್ಪ, ಆದ್ರೂ ಮಾಡಿದ್ರು” ಅಂದೆ. ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು:

“ಆ ಔಷಧದ ನೀರಿನ ಪೆಟ್ಟಿಗೆಗಳು ಸಿಕ್ಕಾಪಟ್ಟೆ ಭಾರವಂತಲ್ಲ, ಮಹಡಿಗೆ ಯಾರು ಹೊರ್ತಾರೆ?”

“ಹುಡುಗೀರೇ.”

“ಛೆ! ತಿಂಗಳು ತಿಂಗಳು ನಾನೇ ಬಂದು ಹೊತ್ತು ಹಾಕ್ತೀನಿ, ಹೇಳು ಅವರಿಗೆ.”

ಇಗೋ, ಹೇಳಿದ್ದೇನೆ. ಸೋಮವಾರ ಅವರೇ ನನ್ನನ್ನು ಹಾಸ್ಟೆಲಿಗೆ ಕರೆತರುತ್ತಾರೆ. ಗಾಡಿಯ ತುಂಬ ನಮ್ಮ ಹೊಲದ ಸೀಮೆಬದನೆ ಇರುತ್ತದೆ. ಬೇಡವೆನ್ನಬೇಡಿ, ಅಪ್ಪನಿಗೆ ಥ್ಯಾಂಕ್ಸ್ ಹೇಳಲು ಬರುವುದು ಅದೊಂದೇ ಭಾಷೆಯಲ್ಲಿ.

ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ಸೋಮವಾರಕ್ಕೆ ಕಾಯುತ್ತಿರುವ,
ಯೆಸೆನಿಯಾ