ಪಾಸ್‌ವರ್ಡ್ ಕೇಳದವಳು

ಕೆಳಗಿನ ಮನೆಯ ಟೈಲರ್ ಅಕ್ಕನಿಗೆ, ಮೇಲಿನ ಮನೆಯವಳು ಬಾಯಲ್ಲಿ ಹೇಳಲಾಗದೆ ಬರೆಯುತ್ತಿರುವುದು.

ನಿನ್ನೆ ನಿಮ್ಮ ಬಾಗಿಲಿನಿಂದ ಒಂದು ಮಾತೂ ಆಡದೆ ಮೆಟ್ಟಿಲು ಹತ್ತಿ ಬಂದುಬಿಟ್ಟೆ. ನಿಮಗೆ ಬೇಸರವಾಗಿರಬಹುದು. ಆಗಲಿ, ನನಗೆ ಅದಕ್ಕಿಂತ ಹೆಚ್ಚಾಗಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಕೊರಿಯರ್ ಕಂಪನಿಯ ದೂರು ವಿಭಾಗದಲ್ಲಿ ಕೂತು, ಬಾರದ ಪಾರ್ಸೆಲ್ಲುಗಳ ಬಗ್ಗೆ ಊರವರೆಲ್ಲರ ಬೈಗುಳ ಕೇಳುವುದು. "ಇನ್ನೇನು ಬಂದೇಬಿಡ್ತು ಸಾರ್" ಎಂದು ದಿನವಿಡೀ ಸುಳ್ಳು ಹೇಳುತ್ತೇನೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವ ಹಾಗೆ, ನಮ್ಮ ಮನೆಯ ಪಾರ್ಸೆಲ್ಲು ಮಾತ್ರ ಎಂದೂ ನಮ್ಮ ಬಾಗಿಲಿಗೆ ಬಂದದ್ದಿಲ್ಲ. ಡೆಲಿವರಿಯವನಿಗೆ ಮೆಟ್ಟಿಲು ಹತ್ತಲು ಸೋಮಾರಿತನ. ನಿಮ್ಮ ಹೊಲಿಗೆ ಮಿಷನ್ನಿನ ಪಕ್ಕ ಎಸೆದು, ಮನೆಯವರ ಕೈಗೇ ಕೊಟ್ಟಿದೆ ಎಂದು ನನ್ನ ಫೋನಿಗೆ ಮೆಸೇಜು ಹಾಕಿ ಹೋಗುತ್ತಾನೆ. ಅದನ್ನು ತರಲು ಮಗಳನ್ನು ಕಳಿಸುತ್ತಿದ್ದವಳು ನಾನೇ. ಹೋದವಳು ಬೇಗ ಬರುತ್ತಿರಲಿಲ್ಲ. ಬಂದಾಗ ಲಂಗದ ತುಂಬ ದಾರದ ಚೂರು, ಬಾಯಿ ತುಂಬ ನಿಮ್ಮ ಮಾತು. "ಆಂಟಿ ಕಾಜಾ ಹೊಲಿಯೋದು ಹೇಳ್ಕೊಟ್ರು. ಆಂಟಿ ನಂಗೆ ನೀಲಿ ಒಪ್ಪುತ್ತೆ ಅಂದ್ರು." ನಾನು ತಂದ ನೀಲಿ ಬಟ್ಟೆಯನ್ನು ಮೂಲೆಗೆ ಹಾಕಿದ್ದವಳೂ ಅವಳೇ.

ಈಚೆಗೆ ನಮ್ಮ ವೈಫೈ ತೆವಳತೊಡಗಿತು. ರಿಪೇರಿಯವನನ್ನು ಕರೆಸಿದರೆ, "ಮೇಡಂ, ನಿಮ್ಮ ನೆಟ್‌ನಲ್ಲಿ ನಿಮ್ಮದಲ್ಲದ ಫೋನೂ ಇದೆ" ಎಂದ. ಪಾಸ್‌ವರ್ಡ್ ನಮ್ಮ ಯಜಮಾನರ ಹೆಸರು, ಅದರ ಮುಂದೆ ಒಂದು ಎರಡು ಮೂರು. "ಬೀಗ ಹಾಕಿ ಕೀನ ಬಾಗಿಲಿಗೇ ನೇತುಹಾಕಿದೀರಲ್ಲ" ಎಂದು ನಕ್ಕ. ಸುಳ್ಳೇಕೆ, ನನಗೆ ಅನುಮಾನ ಬಂದದ್ದು ನಿಮ್ಮ ಮೇಲೆಯೇ. ನಮ್ಮ ಹುಡುಗಿಯ ಬಾಯಿ ಬಿಡಿಸಿರುತ್ತೀರಿ ಎಂದುಕೊಂಡೆ. ಉದ್ದನೆಯ ಹೊಸ ಪಾಸ್‌ವರ್ಡ್ ಹಾಕಿಸಿ ಯಾರಿಗೂ ಹೇಳದೆ ಕೂತೆ. ಬೇಕಾದವರು ಬಂದು ಕೇಳಲಿ, ಆ ನೆಪಕ್ಕಾದರೂ ನನ್ನ ಹತ್ತಿರ ಬರಲಿ ಎಂಬ ಆಸೆ.

ಮೊದಲು ಅತ್ತೆ ಬಂದರು. "ಏನೇ ಇದು, ಧಾರಾವಾಹಿಯವಳು ಬಾಯಿ ತೆರ್ಕೊಂಡು ನಿಂತೇಬಿಟ್ಟಿದಾಳೆ." ಆಮೇಲೆ ಯಜಮಾನರು ಗೊಣಗುತ್ತ ಬಂದರು. ಮಗಳು ಮಾತ್ರ ಬರಲಿಲ್ಲ. ಮರುದಿನವೂ ಕೇಳಲಿಲ್ಲ. ಕಿಟಕಿಯ ಪಕ್ಕ ಕೂತು ಫೋನು ನೋಡಿ ತನ್ನಷ್ಟಕ್ಕೆ ನಗುತ್ತಿದ್ದಳು. "ನಿಂಗೆ ನೆಟ್ ಬೇಡ್ವೇನೇ?" ಎಂದೆ. "ನಂಗೆ ಕೆಳಗಿನ ಮನೇದು ಬರತ್ತಮ್ಮ. ಆಂಟಿ ಯಾವಾಗ್ಲೋ ಹಾಕ್ಕೊಟ್ಟಿದಾರೆ" ಎಂದಳು, ತಲೆ ಎತ್ತದೆ. ನಿಮ್ಮದೇ ನೆಟ್ ಇರುವಾಗ ನಮ್ಮದನ್ನು ಕದ್ದವರು ನೀವಲ್ಲ, ಬೇರೆ ಯಾರೋ. ಹೊರಗಿನವರು ಬಾರದಂತೆ ನಾನು ಮನೆ ಭದ್ರ ಮಾಡುತ್ತಿದ್ದೆ. ಒಳಗಿನವಳು ಆಗಲೇ ನಿಮ್ಮ ಮನೆಯವಳಾಗಿದ್ದಳು.

ನಿನ್ನೆ ಮತ್ತೆ ಡೆಲಿವರಿಯವನ ಅದೇ ಮೆಸೇಜು ಬಂತು. ಈ ಸಲ ಅವಳನ್ನು ಕಳಿಸದೆ, ಜಗಳಕ್ಕೆ ಸೊಂಟ ಕಟ್ಟಿಕೊಂಡು ನಾನೇ ಇಳಿದು ಬಂದೆ. ನೀವು ನನ್ನ ಮಿಕ್ಸಿ ಜಾರಿನ ಪೆಟ್ಟಿಗೆ ಕೊಟ್ಟು, ಅದರ ಮೇಲೆ ಸಣ್ಣದೊಂದು ಪೊಟ್ಟಣ ಇಟ್ಟಿರಿ. "ಇದು ಅವಳ ಪ್ಯಾಡು. ಅಂಗಡೀಲಿ ಕೇಳೋಕೆ ನಾಚ್ಕೆ ಅಂತ ನನ್ನ ಕೈಲೇ ತರಿಸ್ಕೋತಾಳೆ" ಎಂದಿರಿ. ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ನಿಮ್ಮ ಮುಖ ಪೆಚ್ಚಾಯಿತು. "ಹೋದ ತಿಂಗಳೇ ದೊಡ್ಡೋಳಾದ್ಲಲ್ಲ. ನಿಮಗೆ ಹೇಳಿರ್ತಾಳೆ ಅಂದ್ಕೊಂಡಿದ್ದೆ."

ಮೊದಲ ಹಲ್ಲು ಬಿದ್ದಾಗ ಅದನ್ನು ಅಂಗೈಯಲ್ಲಿ ಹಿಡಿದು ಓಡಿಬಂದದ್ದು ನನ್ನ ಹತ್ತಿರ. ಇದಕ್ಕೆ ಮಾತ್ರ ನಿಮ್ಮ ಹತ್ತಿರ ಬಂದಳು. ಅವಳು ಹೆದರಿ ಅತ್ತಾಗ ಬೆನ್ನು ಸವರಿದವರು ನೀವು. ಆ ಹೊತ್ತಿಗೆ ನಾನು ಯಾರದೋ ಕಳೆದುಹೋದ ಚಪ್ಪಲಿಗೆ ಕ್ಷಮೆ ಕೇಳುತ್ತಿದ್ದಿರಬೇಕು. ನೀವು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು, ಬಾಯಿಗೆ ಬಂದಂತೆ ಬೈದು ಹಗುರಾಗುತ್ತಿದ್ದೆ. ಇನ್ನು ಮೇಲೆ ಅವಳನ್ನು ಒಳಗೆ ಸೇರಿಸಬೇಡಿ ಎಂದು ಬರೆಯಲೆಂದೇ ಈ ಕಾಗದ ಶುರುಮಾಡಿದ್ದು. ಆದರೆ ನಾನಿಲ್ಲದ ಹೊತ್ತಿನಲ್ಲಿ ಅವಳಿಗೆ ಮತ್ತೆ ಹೊಟ್ಟೆನೋವು ಬಂದರೆ ಎಲ್ಲಿಗೆ ಹೋಗುತ್ತಾಳೆ? ನಿಮ್ಮ ಬಾಗಿಲು ತೆರೆದೇ ಇರಲಿ.

ಒಂದೇ ಒಂದು ಉಪಕಾರ ಮಾಡಿ. ಪೊಟ್ಟಣವನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ, ನೀವೇ ಅವಳಿಗೆ ಕೊಡಿ. ನನಗೆ ಗೊತ್ತಾಗಿದೆ ಎಂದು ಹೇಳಬೇಡಿ. ಅಮ್ಮನಿಗೆ ಹೇಳು ಎಂದು ಬುದ್ಧಿ ಹೇಳಿಯೂ ಕಳಿಸಬೇಡಿ. ನೀವು ಹೇಳಿಕೊಟ್ಟು ಬಂದ ಮಾತು ನನಗೆ ಬೇಡ. ಅವಳಾಗಿಯೇ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಲಿ. ನಾನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಏನೂ ತಿಳಿಯದವಳ ಹಾಗೆ, "ಹೌದಾ ಕಂದ, ಯಾವಾಗ?" ಎಂದು ಕೇಳುತ್ತೇನೆ. ಅವಳು ಯಾವ ದಿನ ಹೇಳಿದರೂ ಅದೇ ದಿನವೆಂದು ನಂಬುತ್ತೇನೆ.

ನಿಮ್ಮ ಹೊಟ್ಟೆ ತಣ್ಣಗಿರಲಿ. ನನ್ನದು ತಣ್ಣಗಾಗಲು ಇನ್ನೂ ಸ್ವಲ್ಪ ದಿನ ಬೇಕು.

ಇಂತಿ,
ಅವಳ ಅಮ್ಮ