ನನ್ನ ಪಟ್ಟಿಯಲ್ಲಿ ಇಲ್ಲದ ಆಲ್ಬಮ್

ಹಳಿಯಾಳ
6 ಜನವರಿ 2026, ಮಂಗಳವಾರ

ಪ್ರೀತಿಯ ರುಬಿ,

ನಿನಗೂ ನಿನ್ನ ಮನೆಯವರಿಗೂ ಮಕ್ಕಳಿಗೂ ಹೊಸ ವರ್ಷದ ಸಲಾಂ. ಕುಂಬಾರವಾಡದಲ್ಲಿ ಚಳಿ ಹೇಗಿದೆ? ಅಲ್ಲಿಗೆ ಹೋಗುವ ಬಸ್ಸಿನಷ್ಟೇ ನಿಧಾನವಾಗಿ ನನ್ನ ಕಾಗದವೂ ಬಂದಿದೆ, ಕ್ಷಮಿಸು. ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮೊದಲೇ ನಿನ್ನ ಕೈ ಸೇರುತ್ತಿದ್ದ ವರ್ಷದ ಒಳ್ಳೆಯ ಆಲ್ಬಮ್‌ಗಳ ಪಟ್ಟಿ ಈ ಸಲ ಜನವರಿಗೆ ಬಿದ್ದಿತು. ಹಬ್ಬದ ಹೊಲಿಗೆ ಕೆಲಸ ಬಹಳವಿತ್ತು ಎಂದು ಬರೆಯಬಹುದು. ಇದ್ದದ್ದೂ ಹೌದು, ಡಿಸೆಂಬರ್ ಪೂರ್ತಿ ಮಶೀನು ಬಿಟ್ಟು ಎದ್ದಿಲ್ಲ. ಆದರೆ ತಡವಾದದ್ದು ಅದಕ್ಕಲ್ಲ.

ನವೆಂಬರಿನಲ್ಲಿ ನೀನು ನರ್ಸುಗಳ ಮೀಟಿಂಗಿಗೆಂದು ಜೋಯಿಡಾಕ್ಕೆ ಬಂದಾಗ, ಫೋನಿಗೆ ನೆಟ್‌ವರ್ಕ್ ಸಿಕ್ಕ ಕೂಡಲೇ ನನಗೊಂದು ಸಾಲು ಕಳಿಸಿದ್ದೆ. "ಏನ ಲೀನಾ, ಈ ಸಲ ನಮ್ಮ ಆಲ್ಬಮ್ ಎಷ್ಟನೇ ನಂಬರ?" ನಾನು ಓದಿದೆ, ಉತ್ತರ ಕೊಡಲಿಲ್ಲ. ಸಂಜೆಗೆ ನೀನು ವಾಪಸು ಕಾಡಿಗೆ ಹೋದೆ, ನಿನ್ನ ಫೋನು ಮತ್ತೆ ಸತ್ತಿತು. ನಾನು ಪಾರಾದೆ ಅಂದುಕೊಂಡೆ. ಆಗಿರಲಿಲ್ಲ.

ನಂಬರು ಇಲ್ಲ, ರುಬಿ. ನೀನು ಹಾಡಿದ ಆಲ್ಬಮ್ ನನ್ನ ಪಟ್ಟಿಯಲ್ಲಿ ಇಲ್ಲ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ಬರೆಯಲು ನನಗೆ ಧೈರ್ಯ ಬರುತ್ತದೆ. ಕಾಗದ ಹರಿಯಬೇಡ, ಪೂರ್ತಿ ಓದು.

ಪಟ್ಟಿ ಈ ಸಲ ಹತ್ತಕ್ಕೆ ಹೋಗಲಿಲ್ಲ, ಆರಕ್ಕೆ ನಿಂತಿತು. ಹಾಸ್ಟೆಲಿನಲ್ಲಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾವಿಬ್ಬರೂ ಮೊದಲ ಪಟ್ಟಿ ಬರೆದಾಗ ನಮ್ಮ ಹತ್ತಿರ ಇದ್ದದ್ದೇ ಹನ್ನೊಂದು ಕ್ಯಾಸೆಟ್, ಅದರಲ್ಲಿ ಹತ್ತನ್ನು ಶ್ರೇಷ್ಠ ಎಂದು ಬರೆದಿದ್ದೆವು. ಈಗ ಮಶೀನಿನ ಪಕ್ಕ ಸಣ್ಣ ಸ್ಪೀಕರ್ ಇಟ್ಟುಕೊಂಡು ದಿನಕ್ಕೆ ಒಂಬತ್ತು ತಾಸು ಕೇಳುತ್ತೇನೆ. ಹೆಚ್ಚು ಕೇಳಿದಷ್ಟೂ ಕೈ ಬಿಗಿಯಾಗುತ್ತಿದೆ.

ಮೊದಲನೆಯದು 'ಮೂರು ಮಧ್ಯಾಹ್ನ'. ಧಾರವಾಡದ ಒಬ್ಬ ಹುಡುಗಿ, ಇಪ್ಪತ್ತೇಳು ವರ್ಷ ಇರಬೇಕು, ಭೀಮಪಲಾಸಿ, ಮುಲ್ತಾನಿ, ಪಟದೀಪ, ಮಧ್ಯಾಹ್ನದ ಈ ಮೂರು ರಾಗಗಳನ್ನೇ ಹಾಡಿದ್ದಾಳೆ. ಸ್ಟುಡಿಯೋ ಅಲ್ಲ, ಮನೆಯ ಕೋಣೆಯಲ್ಲಿ, ಫ್ಯಾನ್ ಬಂದ್ ಮಾಡಿ. ಮುಲ್ತಾನಿಯ ನಡುವೆ ಹೊರಗೆ ಯಾರೋ ಬಕೆಟ್ ಇಡುತ್ತಾರೆ, ಅವಳು ನಿಲ್ಲಿಸುವುದಿಲ್ಲ. ಬಿಸಿಲು ಇಳಿಯುವುದನ್ನು ಕಣ್ಣು ಮುಚ್ಚಿಯೂ ತಿಳಿಯಬಹುದು. ಎರಡನೆಯದು ಬೆಳಗಾವಿಯ ಇಬ್ಬರು ಪೋರರ ರ‍್ಯಾಪ್, 'ಎರಡು ಬೋರ್ಡು'. ಒಬ್ಬ ಮರಾಠಿಯಲ್ಲಿ ಬೈಯುತ್ತಾನೆ, ಇನ್ನೊಬ್ಬ ಕನ್ನಡದಲ್ಲಿ, ಕೊನೆಗೆ ಇಬ್ಬರೂ ಸೇರಿ ಬೋರ್ಡು ಬರೆಯುವವನನ್ನು ಬೈಯುತ್ತಾರೆ. ಮೂರನೆಯದನ್ನು ನೀನು ಖಂಡಿತ ಕೇಳಬೇಕು. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಮೂವರು ಹುಡುಗಿಯರದ್ದು. ಅವರ ಅಜ್ಜಂದಿರ ಉದ್ದ ಕತ್ತಿನ ತಂತಿವಾದ್ಯ ಇಟ್ಟುಕೊಂಡು ಹುಬ್ಬಳ್ಳಿ ಬಸ್ಸಿಗೆ ಕಾಯುವುದರ ಮೇಲೆ ಒಂದು ಹಾಡು ಮಾಡಿದ್ದಾರೆ, ಅದೂ ನಮ್ಮ ಕನ್ನಡದಲ್ಲಿ. ಉಳಿದ ಮೂರನ್ನು ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಒಂದು ಗೋವಾದ್ದು, ಮಾತಿಲ್ಲದ ಬರೀ ಗಿಟಾರು. ಸೀರೆಯ ಅಂಚಿಗೆ ಪಿಕೋ ಮಾಡುವಾಗ ಒಳ್ಳೆಯದು.

ಇನ್ನು ನಡೆದದ್ದನ್ನು ಹೇಳುತ್ತೇನೆ.

ನಮ್ಮೂರಲ್ಲಿ ಸಂಗೀತ ಕೇಳುವವರದ್ದೊಂದು ಬಳಗವಾಗಿದೆ ಎಂದು ಬರೆದಿದ್ದೆನಲ್ಲ. ನಿವೃತ್ತ ಮಾಸ್ತರು ಅಡಿವೆಯ್ಯನವರು ಅದರ ಅಧ್ಯಕ್ಷರು. ನನ್ನನ್ನು ಅದಕ್ಕೆ ಸೇರಿಸಿದ್ದು ಮಹಾದೇವಕ್ಕ. ಬ್ಲೌಸ್ ಹೊಲಿಸಲು ಬಂದವರು ನನ್ನ ಸ್ಪೀಕರಿನ ಮುಂದೆ ಒಂದು ತಾಸು ಕೂತಿದ್ದರು, ಮರುದಿನ ಬಂದು ಹೆಸರು ಬರೆಸಿಕೊಂಡು ಹೋದರು. ಡಿಸೆಂಬರ್ 28ರ ಭಾನುವಾರ ಸಂಜೆ ನಾಲ್ಕಕ್ಕೆ ವರ್ಷದ ಕೊನೆಯ ಸಭೆ. ಐದು ಮಂದಿ ತಮಗೆ ಹಿಡಿಸಿದ ವರ್ಷದ ಆಲ್ಬಮ್‌ಗಳ ಬಗ್ಗೆ ಮಾತಾಡಬೇಕು, ಅದರಲ್ಲಿ ನಾನೂ ಒಬ್ಬಳು ಎಂದು ನವೆಂಬರಿನಲ್ಲೇ ಗೊತ್ತಾಗಿತ್ತು. ನಾನು ಎರಡು ಸಲ ಬರೆದು ಹರಿದು ಮೂರನೇ ಸಲ ಶುದ್ಧವಾಗಿ ಬರೆದಿಟ್ಟುಕೊಂಡಿದ್ದೆ.

ಸಭೆಗೆ ನಾಲ್ಕು ದಿನ ಇರುವಾಗ ಕರೆಯೋಲೆ ಬಂತು. ಮಾತಾಡುವವರು ನಾಲ್ಕು ಮಂದಿ. ನನ್ನ ಹೆಸರು ಕೆಳಗಿತ್ತು: 'ಆರಂಭದಲ್ಲಿ ಶ್ರೀಮತಿ ಲೀನಾ ಮತ್ತು ಸಂಗಡಿಗರಿಂದ ಸಿದ್ದಿ ಡಮಾಮಿ ನೃತ್ಯ.'

ನಿನಗೆ ಗೊತ್ತು, ನನಗೆ ಕುಣಿಯಲು ಬರುವುದಿಲ್ಲ. ಶಾಲೆಯ ಗ್ಯಾದರಿಂಗಿನಲ್ಲಿ ನನ್ನನ್ನು ಹಿಂದಿನ ಸಾಲಿಗೆ ನಿಲ್ಲಿಸಿ, ಅಲ್ಲಿಂದಲೂ ತೆಗೆದು, ಕೊನೆಗೆ ಪರದೆ ಎಳೆಯಲು ಹಾಕಿದ್ದರು. ನೀನು ವಾರವಿಡೀ ನಕ್ಕಿದ್ದೆ.

ಆವತ್ತೇ ಅಡಿವೆಯ್ಯನವರ ಮನೆಗೆ ಹೋದೆ. ಅವರು ಕೆಟ್ಟವರಲ್ಲ, ಇದನ್ನು ನೀನು ನೆನಪಿಡಬೇಕು. ಚಹಾ ಕೊಡಿಸಿದರು, ತಮ್ಮ ಹಳೆಯ ರೆಕಾರ್ಡುಗಳನ್ನು ತೋರಿಸಿದರು. ಜನ ಬರಬೇಕಾದರೆ ಶುರುವಿಗೆ ಏನಾದರೂ ಕಣ್ಣಿಗೆ ಹಬ್ಬ ಬೇಕಲ್ಲವೇ ಎಂದರು. ನನ್ನ ಪಟ್ಟಿ ಏನಾಯಿತು ಎಂದು ಕೇಳಿದೆ. ಸಮಯ ಉಳಿದರೆ ಎರಡು ಮಾತು ಆಡಬಹುದು ಎಂದರು. ಆಮೇಲೆ ತುಂಬ ಪ್ರೀತಿಯಿಂದಲೇ ಹೇಳಿದರು.

"ನಾವು ಪುಸ್ತಕ ಓದಿ ತಾಳ ಕಲತವರವಾ. ನಿಮ್ಮ ಮಂದಿಗೆ ಅದು ರಕ್ತದಾಗನ ಬಂದೈತಿ."

"ನನ್ನ ರಕ್ತದಾಗ ಏನೂ ಇಲ್ಲರಿ ಸರ್. ಇಪ್ಪತ್ತೇಳು ವರ್ಷ ಕೂತು ಕೇಳಿ ಕಲತೇನಿ. ಓದೂದಿದ್ರ ಓದ್ತೇನಿ, ಕುಣಿಯಾಕ ಬರೂದಿಲ್ಲ."

ಅವರು ಚಹಾದ ಬಸಿ ಕೆಳಗಿಟ್ಟರು. ಕರೆಯೋಲೆ ಹಂಚಿ ಆಗಿದೆಯಲ್ಲ ಎಂದರು. ನಾನು ಎದ್ದು ಬಂದೆ.

ಮನೆಯಲ್ಲಿ ನನ್ನ ಗಂಡ ಸೈಮನ್ ಅಡಿವೆಯ್ಯನವರ ಪಕ್ಷ. ಅವನಿಗೆ ಡಮಾಮ ಬಾರಿಸುವುದೆಂದರೆ ಊಟ ಬೇಡ. ಹತ್ತು ನಿಮಿಷ ನಾವು ಬಾರಿಸುತ್ತೇವೆ, ನೀನು ಸುಮ್ಮನೆ ಕೈ ಆಡಿಸು, ಆಮೇಲೆ ನಿನ್ನ ಪಟ್ಟಿ ಓದು, ಇದರಲ್ಲಿ ಏನು ಕಳೆದುಕೊಳ್ಳುತ್ತೀ ಎಂದ. ಕುಣಿದ ಮೇಲೆ ಓದಿದರೆ ಯಾರೂ ಕೇಳುವುದಿಲ್ಲ, ಕುಣಿದವಳು ಎಷ್ಟು ಚೆನ್ನಾಗಿ ಓದಿದಳು ನೋಡಿ ಎನ್ನುತ್ತಾರೆ ಎಂದು ನಾನು ಹೇಳಿದೆ. ಅವನು ಒಪ್ಪಲಿಲ್ಲ. ಆದರೆ ಭಾನುವಾರ ಡಮಾಮವನ್ನು ಮನೆಯಲ್ಲೇ ಬಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಜೊತೆ ಬಂದ.

ಸಭೆಯಲ್ಲಿ ಸುಮಾರು ಅರವತ್ತು ಜನ. ಅಡಿವೆಯ್ಯನವರು ಸ್ವಾಗತ ಮಾಡಿ, ಈಗ ಸಿದ್ದಿ ನೃತ್ಯ ಎಂದು ನನ್ನ ಕಡೆ ನೋಡಿದರು. ಪಟ್ಟಿ ಬರೆದಿಟ್ಟುಕೊಂಡಿದ್ದ ಪುಸ್ತಕ ಹಿಡಿದು ಮೈಕಿಗೆ ಹೋದೆ. ನೃತ್ಯ ಇಲ್ಲ, ನಾನು ವರ್ಷದ ಆಲ್ಬಮ್‌ಗಳ ಬಗ್ಗೆ ಓದುತ್ತೇನೆ ಎಂದೆ. ಹಿಂದೆ ಕೂತವರು ಕೆಲವರು ಗೊಣಗಿದರು, ನಾಲ್ಕೈದು ಮಂದಿ ಎದ್ದು ಹೋದರು. 'ಮೂರು ಮಧ್ಯಾಹ್ನ'ದ ಬಗ್ಗೆ ಅರ್ಧ ಓದಿ, ಬಕೆಟ್ಟಿನ ಸದ್ದು ಬರುವ ಜಾಗವನ್ನು ಫೋನಿನಲ್ಲಿ ಹಚ್ಚಿ ಮೈಕಿಗೆ ಹಿಡಿದೆ. ಮುಂದಿನ ಸಾಲಿನಲ್ಲಿ ಮಹಾದೇವಕ್ಕ ಕಣ್ಣು ಮುಚ್ಚಿದರು. ಅಡಿವೆಯ್ಯನವರ ಮೆಚ್ಚಿನ ಹಿರಿಯ ಗಾಯಕರ ಹೊಸ ಆಲ್ಬಮ್ ಯಾಕೆ ನನ್ನ ಪಟ್ಟಿಯಲ್ಲಿಲ್ಲ ಎಂದೂ ಹೇಳಿದೆ. ಗಂಟಲು ದಣಿದದ್ದು ತಪ್ಪಲ್ಲ, ಆದರೆ ದಣಿದಿಲ್ಲವೆಂದು ತೋರಿಸಲು ಸ್ಟುಡಿಯೋದ ಮಶೀನಿನಿಂದ ತೀಡಿಸಿದ್ದು ತಪ್ಪು ಎಂದೆ. ಅಡಿವೆಯ್ಯನವರ ಮುಖ ಕೆಂಪಾಯಿತು. ಆಗಲಿ. ನಾನು ಅವರ ಅತಿಥಿಯಾಗಿ ಹೋಗಿರಲಿಲ್ಲ, ಅವರ ಸಮ ಕೂತು ಮಾತಾಡಲು ಹೋಗಿದ್ದೆ.

ಆರೂ ಮುಗಿದ ಮೇಲೆ ನಿಮ್ಮ 'ಕಾಡಿನ ಎದೆಬಡಿತ'ದ ಮಾತು ತೆಗೆದೆ.

ಈ ವರ್ಷ ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಅದನ್ನೇ, ರುಬಿ. ನಾಲ್ಕನೇ ಹಾಡು, ಬತ್ತ ಕುಟ್ಟುವ ಹಾಡು, ನೀನು ಒಬ್ಬಳೇ ಹಾಡಿದ್ದು. ಎರಡನೇ ಸೊಲ್ಲಿನಲ್ಲಿ ನಿನ್ನ ಉಸಿರು ಸಿಕ್ಕಿಕೊಂಡು ಬಿಡುತ್ತದಲ್ಲ, ಅಲ್ಲಿ ನಾನು ಪ್ರತಿ ಸಲ ಮಶೀನು ತುಳಿಯುವ ಕಾಲು ನಿಲ್ಲಿಸುತ್ತೇನೆ. ಅದಕ್ಕಿಂತ ಚೆನ್ನಾಗಿ ಈ ವರ್ಷ ಯಾರೂ ಹಾಡಿಲ್ಲ, ಧಾರವಾಡದ ಹುಡುಗಿಯೂ ಹಾಡಿಲ್ಲ. ಆದರೆ ಆಲ್ಬಮಿನಲ್ಲಿ ಏನು ಬರೆದಿದೆ ನೀನು ನೋಡಿದ್ದೀಯಾ? ಧ್ವನಿಮುದ್ರಣ ಮಾಡಿದವನ ಹೆಸರಿದೆ. ಕೀಬೋರ್ಡಿನವನದು, ಫೋಟೋ ತೆಗೆದವನದು, ಊಟದ ವ್ಯವಸ್ಥೆ ಮಾಡಿದವರದು, ಎಲ್ಲ ಇವೆ. ಹಾಡು ಎಂಬಲ್ಲಿ 'ಸಿದ್ದಿ ಮಹಿಳೆಯರು' ಎಂದಿದೆ.

ಅಕ್ಟೋಬರಿನಲ್ಲೇ ಆಲ್ಬಮ್ ಮಾಡಿದವರಿಗೆ ಬರೆದಿದ್ದೆ. ಇದು ಇಡೀ ಸಮುದಾಯದ ಪರಂಪರೆ, ಒಬ್ಬೊಬ್ಬರ ಹೆಸರು ಹಾಕಿದರೆ ಅದರ ಶುದ್ಧತೆ ಕೆಡುತ್ತದೆ ಎಂದು ಬಹಳ ಗೌರವದ ಉತ್ತರ ಬಂತು. ಧಾರವಾಡದ ಹುಡುಗಿ ಹಾಡುವ ಮುಲ್ತಾನಿಯೂ ಪರಂಪರೆಯೇ, ಅವಳ ಹೆಸರಿನಿಂದ ಅದರ ಶುದ್ಧತೆ ಕೆಟ್ಟಿಲ್ಲ ಎಂದು ನಾನು ತಿರುಗಿ ಬರೆದೆ. ಆಮೇಲೆ ಅವರಿಂದ ಏನೂ ಬರಲಿಲ್ಲ.

ಇದನ್ನೆಲ್ಲ ಸಭೆಗೆ ಹೇಳಿ, ಕೊನೆಗೆ ಹೆಸರು ಓದಿದೆ. ಸಿದ್ದಕ್ಕ. ರುಕ್ಮಾ. ಶೈಲಾ. ನಾಲ್ಕನೇ ಹಾಡು ಹಾಡಿದವಳು ರುಬಿನಾ, ಕುಂಬಾರವಾಡದಲ್ಲಿ ನರ್ಸು. "ಈ ಹೆಸರು ಹಾಕಿದ ದಿನ ಇದನ್ನ ಮೊದಲನೇ ನಂಬರಿಗೆ ಇಡ್ತೇನಿ. ಅಲ್ಲೀತನಕ ಇಡೂದಿಲ್ಲ," ಎಂದು ಬಂದು ಕೂತೆ.

ಚಪ್ಪಾಳೆ ಬಿದ್ದಿತೆಂದು ಬರೆದರೆ ನೀನು ನಂಬಬೇಡ. ಆಮೇಲೆ ಮಹಾದೇವಕ್ಕ ಕೂತಲ್ಲಿಂದಲೇ, "ಆ ಹೆಸರು ಇನ್ನೊಮ್ಮೆ ಹೇಳವಾ, ಬರಕೋತೇನಿ," ಎಂದರು. ಹೇಳಿದೆ. ಅವರ ಹಿಂದೆ ಕೂತಿದ್ದ ಇಬ್ಬರು ಹೆಂಗಸರೂ ಫೋನಿನಲ್ಲಿ ಬರೆದುಕೊಂಡರು. ಅಡಿವೆಯ್ಯನವರು ಮುಂದಿನವರನ್ನು ಕರೆದರು. ಹೊರಡುವಾಗ ನನ್ನೊಡನೆ ಮಾತಾಡಲಿಲ್ಲ. ಹೊಸ ವರ್ಷದ ದಿನ ಮಾತ್ರ ಅಂಗಡಿಗೆ ಬಂದು, ಬಾಗಿಲಲ್ಲೇ ನಿಂತು, ಆ ಧಾರವಾಡದ ಹುಡುಗಿಯ ಹೆಸರೇನು ಎಂದು ಕೇಳಿ ಬರೆದುಕೊಂಡು ಹೋದರು. ನಿಮ್ಮ ಹೆಸರು ಕೇಳಲಿಲ್ಲ. ಅವರು ಕೇಳದಿದ್ದರೂ ನಾನೇ ಬರೆದುಕೊಟ್ಟೆ.

ಶೈಲಾ ಪೇಟೆಯಲ್ಲಿ ಸಿಕ್ಕಿದ್ದಳು. ಅವಳಿಗೆ ಸಿಟ್ಟಿದೆ. ಮುಂದಿನ ಸಲ ಆಲ್ಬಮಿನವರು ನಮ್ಮನ್ನು ಕರೆಯದಿದ್ದರೆ ಅದು ನಿನ್ನಿಂದಲೇ ಎಂದಳು. ನಿನಗೂ ಹಾಗೆ ಅನ್ನಿಸಬಹುದು. ಅನ್ನಿಸಿದರೂ ನಾನು ಪಟ್ಟಿ ತಿದ್ದುವುದಿಲ್ಲ. ನೀನು ಬರೀ ಒಂದು ದನಿಯಲ್ಲ. ನಿನಗೆ ಹೆಸರಿದೆ, ಅದನ್ನು ನಿನ್ನ ಅಬ್ಬಾ ಇಟ್ಟದ್ದು.

ಸೈಮನ್ ನಿಮ್ಮೆಲ್ಲರನ್ನೂ ಕೇಳಿದ್ದಾನೆ. ಮಕ್ಕಳಿಗೆ ಪ್ರೀತಿ. ನೀನು ಸುಖವಾಗಿರು, ನಿನ್ನ ಕೈಯಲ್ಲಿ ಹುಟ್ಟುವ ಕೂಸುಗಳೆಲ್ಲ ಗಟ್ಟಿಯಾಗಿ ಅಳಲಿ, ನಿನ್ನ ಗಂಟಲನ್ನು ದೇವರು ಕಾಯಲಿ.

ನಿನ್ನ
ಲೀನಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿದೆ. ಒಂದು ಮಾತು ಉಳಿದಿದೆ.

ಆ ಆಲ್ಬಮಿನವರು ಮಾರ್ಚಿನಲ್ಲಿ ಹಳಿಯಾಳಕ್ಕೆ ಬಂದಾಗ ಮೊದಲು ಕರೆದದ್ದು ನನ್ನನ್ನು. ಇಗರ್ಜಿಯಲ್ಲಿ ಹಾಡುತ್ತಾಳೆ ಎಂದು ಯಾರೋ ಹೇಳಿದ್ದರಂತೆ. ಲಾಡ್ಜಿನ ಕೋಣೆಯಲ್ಲಿ ಮೂರು ಹಾಡು ಹಾಡಿದೆ, ಬತ್ತ ಕುಟ್ಟುವ ಹಾಡನ್ನೂ ಹಾಡಿದೆ. ಧ್ವನಿಮುದ್ರಣ ಮಾಡುವವನು ಕಿವಿಯಿಂದ ಹೆಡ್‌ಫೋನ್ ತೆಗೆದು, ತುಂಬ ಮರ್ಯಾದೆಯಿಂದಲೇ, "ಚೆನ್ನಾಗಿ ಹಾಡ್ತೀರಿ ಮೇಡಂ, ಆದರೆ ಸಿದ್ದಿ ದನಿ ಅನ್ನಿಸ್ತಾ ಇಲ್ಲ. ತುಂಬ ಕಲಿತ ದನಿ," ಎಂದ. ನಿಜವಾದ ದನಿ ಯಾರದ್ದಿದೆ ಎಂದು ಕೇಳಿದ. ಅಳತೆ ಬರೆಯುವ ಚೀಟಿಯಲ್ಲಿ ನಿನ್ನ ಹೆಸರು ಬರೆದುಕೊಟ್ಟವಳು ನಾನೇ.

ಆವತ್ತಿನಿಂದ ಡಿಸೆಂಬರ್ ಮುಗಿಯುವವರೆಗೆ ನಾನು ಹಾಡಿರಲಿಲ್ಲ, ರುಬಿ. ಗಂಟಲು ಕೆಟ್ಟಿದೆ ಎಂದು ಇಗರ್ಜಿಯಲ್ಲಿ ಹೇಳಿದ್ದೆ, ಕ್ರಿಸ್‌ಮಸ್‌ಗೂ ಬಾಯಿ ತೆರೆಯಲಿಲ್ಲ. ನಿನ್ನ ನಾಲ್ಕನೇ ಹಾಡು ಕೇಳುವಾಗ ಕೆಲವು ದಿನ ಸಂತೋಷವಾಗುತ್ತಿತ್ತು, ಕೆಲವು ದಿನ ಹೊಟ್ಟೆ ಉರಿಯುತ್ತಿತ್ತು. ಹೆಸರಿಲ್ಲ ಎಂದು ಪಟ್ಟಿಯಿಂದ ಬಿಟ್ಟೆನೋ, ನಾನಿಲ್ಲ ಎಂದು ಬಿಟ್ಟೆನೋ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡೆ. ಎರಡೂ ನಿಜ. ಎರಡನೆಯದು ನಿಜವಾದರೆ ಮೊದಲನೆಯದು ಸುಳ್ಳಾಗುವುದಿಲ್ಲ, ಆದ್ದರಿಂದ ಪಟ್ಟಿ ಇದ್ದಂತೆಯೇ ಇರುತ್ತದೆ. ಆದರೆ ನಿನಗೆ ಇದು ಗೊತ್ತಿರಬೇಕು.

ಮೊನ್ನೆ ಭಾನುವಾರ ಇಗರ್ಜಿಯಲ್ಲಿ ಹಾಡಿದೆ. ಗಂಟಲು ಒರಟಾಗಿತ್ತು, ಎರಡು ಕಡೆ ಸ್ವರ ಜಾರಿತು, ಆದರೂ ಕೊನೆಯವರೆಗೆ ಹಾಡಿದೆ. ಅದು ಯಾವ ದನಿ ಎಂದು ಹೇಳಲು ಯಾವ ಹೆಡ್‌ಫೋನಿನವನೂ ಬೇಕಿಲ್ಲ ನನಗೆ. ನಿನ್ನ ಮಾತು ಮಾತ್ರ ಬೇಕು. ಬೈದಾದರೂ ಬರೆ.